ಸಿಗ್ನಲ್ಲಿನಲ್ಲಿ ನಗುವ ಶಿವನಂಜಪ್ಪ

ಸರ್ಕಾರಕ್ಕೆ ಬಿಟ್ಟಿ ಸಲಹೆ ಕೊಡುವವರು ಬಡಾವಣೆಗೊಬ್ಬರಾದರೂ ಇರುತ್ತಾರೆ. ಒಂಟಿಕೊಪ್ಪಲಿಗೆ ನಮ್ಮ ಶಿವನಂಜಪ್ಪ ಇದ್ದ. ಫ್ಯಾನ್ ರಿಪೇರಿ ಅವನ ಕಸುಬು, ಟ್ರಾಫಿಕ್ ಕ್ಯಾಮೆರಾಗಳಿಂದ ಖಜಾನೆ ತುಂಬಿಸುವುದು ಅವನ ಚಿಂತೆ. "ಬರೀ ದಂಡ ಹಾಕುದ್ರೆ ಏನ್ ಬಂದಾತು? ಫೋಟೋ ಮಾರ್ಬೇಕು ಕಣೋ! ಗಂಡ-ಹೆಂಡ್ತಿ ಜಗಳ ಆಡ್ಕೊಂಡು ಹೋಗ್ತಿದ್ರೆ ಒಂದು ರೇಟು, ನಕ್ಕೊಂಡು ಹೋಗ್ತಿದ್ರೆ ಡಬಲ್ಲು. ಹಿಂದೆ ದಸರಾ ದೀಪ ಬಿದ್ದಿದ್ರೆ ಸ್ಪೆಷಲ್ಲು!" ಎನ್ನುತ್ತಿದ್ದ. ಕೆಂಪು ದೀಪ ಬಿದ್ದರೆ ಗಾಡಿ ನಿಲ್ಲಿಸಿ, ಜೇಬಿನ ಬಾಚಣಿಗೆ ತೆಗೆದು ತಲೆ ಬಾಚಿಕೊಂಡು, ಕ್ಯಾಮೆರಾದತ್ತ ನಗುತ್ತಿದ್ದ. ಮನೆಯಲ್ಲಿದ್ದ ಒಂದೇ ಹೆಲ್ಮೆಟ್ ಹಿಂದೆ ಕೂತ ಹೆಂಡತಿ ಮಂಗಳಮ್ಮನ ತಲೆಯ ಮೇಲಿರುತ್ತಿತ್ತು. ಸ್ಟುಡಿಯೋದಲ್ಲಿ ಕೂರಿಸಿದರೆ ಮಾತ್ರ ಮುಖ ಬಿಗಿದುಕೊಳ್ಳುತ್ತಿದ್ದ. ಹೋದ ತಿಂಗಳು ಎದೆನೋವು ಬಂದು ತೀರಿಕೊಂಡ. ತಿಥಿಗೆ ಫೋಟೋ ಹುಡುಕಿದರೆ ಎಲ್ಲದರಲ್ಲೂ ಅದೇ ಬಿಗಿದ ಮುಖ. ಅಷ್ಟರಲ್ಲಿ ಅವನ ಮೊಬೈಲಿಗೆ ಹೆಲ್ಮೆಟ್ ಹಾಕದ್ದಕ್ಕೆ ದಂಡದ ನೋಟಿಸು ಬಂತು, ಜೊತೆಗೆ ಚಿತ್ರ: ಬಾಚಿದ ತಲೆ, ಮುಖದ ತುಂಬ ನಗು, ಹಿಂದೆ ಹೆಲ್ಮೆಟ್ ಹಾಕಿಕೊಂಡ ಮಂಗಳಮ್ಮ. "ನನ್ನ ತೆಗ್ದುಬುಟ್ಟು ಇವ್ರೊಬ್ರನ್ನೇ ದೊಡ್ಡದು ಮಾಡ್ಸ್ಕೊಡಿ ಅಣ್ಣ" ಎಂದರು ಮಂಗಳಮ್ಮ. ನಾನೇ ದಂಡ ಕಟ್ಟಿದೆ, ಚಿತ್ರಕ್ಕೆ ಕಟ್ಟು ಹಾಕಿಸಿ ತಂದೆ. ನಗುವ ಫೋಟೋಗೆ ಡಬಲ್ ರೇಟು ಎಂದಿದ್ದನಲ್ಲ, ಜಾಸ್ತಿಯೇನೂ ಹೇಳಿರಲಿಲ್ಲ.