ಎತ್ತಿಗೆ ಹೇಳಿದ ಮೇಸ್ತ್ರಿ

ಈ ಬೆಳಿಗ್ಗೆ ನಂಜನಗೂಡಿನ ನಮ್ಮ ಕಚೇರಿ ಅಂಗಳದಲ್ಲಿ ಚಪ್ಪರಕ್ಕೆಂದು ಹೊಂಗೆ ಕೊಂಬೆಗಳನ್ನು ಕಡಿದು ಹಾಕಿದ್ದರು. ಹಸಿ ಹೊಂಗೆಯ ಆ ಕಹಿ ವಾಸನೆ ಮೂಗಿಗೆ ಬಡಿದದ್ದೇ ಕೈಯಲ್ಲಿದ್ದ ಕಾಗದ ಕೆಳಗಿಟ್ಟೆ...

ಆರು ವರ್ಷದ ಕೆಳಗೆ ನರಸೀಪುರದ ರಸ್ತೆಗೆ ಜಲ್ಲಿ ಹಾಕುವಾಗ ನಾನು ಅಲ್ಲಿ ಗುಮಾಸ್ತನಾಗಿದ್ದೆ. ಮೀಸೆ ಆಗತಾನೆ ಚಿಗುರಿತ್ತು. ದಿನಚರಿ ಬರೆಯುವ ಚಟ ಆಗಲೇ ಇತ್ತು: ಎಷ್ಟು ಆಳು ಬಂದರು, ಎಷ್ಟು ಮಾರು ಅಗೆದರು, ಎಷ್ಟು ಗಾಡಿ ಬಿದ್ದವು. ಕೆಲಸ ನೋಡಿಕೊಳ್ಳುತ್ತಿದ್ದವರು ಮೇಸ್ತ್ರಿ. ಐವತ್ತು ದಾಟಿದ ಒಣಕಲು ಮೈ, ಬೆಳಗಿನಿಂದ ಸಂಜೆವರೆಗೆ ನಿಲ್ಲದೆ ನಡೆಯುವ ಕಾಲು.

ರಸ್ತೆಯ ಅರ್ಧ ಅಗಲವನ್ನು ಮೊಣಕಾಲುದ್ದ ಅಗೆದು, ಉಳಿದರ್ಧದಲ್ಲಿ ಗಾಡಿ ಬಿಡುತ್ತಿದ್ದೆವು. ಅಗೆದ ಕಡೆ ಕೆಂಪು ಬಾವುಟ ನೆಟ್ಟಿದ್ದೆವು. ಆದರೂ ಮೊದಲ ವಾರವೇ ಮೂರು ಗಾಡಿ ಉರುಳಿದವು, ಮೂರೂ ಮಟಮಟ ಮಧ್ಯಾಹ್ನ. ನಂಜನಗೂಡಿನಲ್ಲಿ ಮೂಟೆ ಇಳಿಸಿ ಮರಳುವ ಗಾಡಿಯವರು ಬಿಸಿಲಿಗೆ ಮುಸುಕೆಳೆದು ಮಲಗಿಬಿಡುತ್ತಿದ್ದರು. ಎತ್ತುಗಳು ತಮಗೆ ಗೊತ್ತಿದ್ದ ಜಾಡು ಹಿಡಿದು ಮನೆ ಸೇರಿಸುತ್ತಿದ್ದವು. ಆ ಜಾಡನ್ನೇ ನಾವು ಅಗೆದಿದ್ದೆವು.

“ಬಾವುಟ ಕಾಣಲಿಲ್ಲವೇನಯ್ಯ?” ಎಂದು ಬಿದ್ದವನೊಬ್ಬನನ್ನು ಗದರಿದೆ.

“ಕಾಣಕ್ಕೆ ನಾನ್ ಎದ್ದಿರ್ಬೇಕಲ್ಲ ಬುದ್ಧಿ,” ಎಂದ ಅವನು, ಮಂಡಿ ಒರೆಸಿಕೊಳ್ಳುತ್ತ.

ಮೇಸ್ತ್ರಿ ನಕ್ಕರು. “ಇವ್ನ್ ಯೋಳಾದು ಸರಿ. ಎದ್ದಿರಾವು ಎತ್ತು. ಎತ್ತಿಗೇ ಯೋಳ್ಬೇಕು.”

ಮಾರನೆಯ ದಿನದಿಂದ ಇಬ್ಬರು ಆಳುಗಳು ಹೊಂಗೆ ಕೊಂಬೆ ತಂದು, ಗುಂಡಿಗೆ ಇಪ್ಪತ್ತು ಮಾರು ಮುಂಚೆ ಹಳೆ ಜಾಡಿಗೆ ಅಡ್ಡ ಹಾಸತೊಡಗಿದರು. ಎತ್ತು ಹೊಂಗೆ ತಿನ್ನುವುದಿಲ್ಲ. ಮೂಸಿ, ಬುಸುಗುಟ್ಟಿ ನಿಂತುಬಿಡುತ್ತಿತ್ತು. ಗಾಡಿ ನಿಂತರೆ ಗಾಡಿಯವನಿಗೆ ಎಚ್ಚರ. “ಉಲ್ಲಾಕುದ್ರೆ ತಿನ್ಕಂಡು ಅಲ್ಲೇ ಸಂಸಾರ ಹೂಡ್ತವೆ” ಎನ್ನುತ್ತಿದ್ದರು ಮೇಸ್ತ್ರಿ. ಒಣಗಿದ ಸೊಪ್ಪನ್ನು ಎತ್ತು ತುಳಿದುಕೊಂಡೇ ಹೋಗುತ್ತಿತ್ತಾದ್ದರಿಂದ ದಿನಾ ಹಸಿಯದೇ ಬೇಕಿತ್ತು.

ಒಂದು ತಿಂಗಳು ಒಂದು ಗಾಡಿಯೂ ಬೀಳಲಿಲ್ಲ. ನಾನು ಲೆಕ್ಕ ನೋಡಿ ಓವರ್ಸಿಯರಿಗೆ ಬರೆದೆ: ಗಾಡಿಗಳು ಈಗ ಬೀಳುತ್ತಿಲ್ಲ, ಸೊಪ್ಪು ಕಡಿಯುವ ಇಬ್ಬರನ್ನು ಜಲ್ಲಿ ಒಡೆಯಲು ಹಾಕಬಹುದು. ಅವರು ಹಾಗೆಯೇ ಹುಕುಂ ಮಾಡಿದರು. ಮೇಸ್ತ್ರಿಗೆ ಓದಿ ಹೇಳಿದೆ. ಅವರು ನನ್ನ ಪುಸ್ತಕದತ್ತ ಬೆರಳು ಮಾಡಿದರು.

“ಬಿದ್ದ ಗಾಡಿ ಬರ್ದಿದ್ದೀರಿ. ನಿಂತ ಗಾಡಿ ಬರ್ದಿದ್ದೀರಾ ಬುದ್ಧಿ?”

ಬರೆದಿರಲಿಲ್ಲ. “ಹುಕುಂ ಬಂದಾಯಿತಲ್ಲ,” ಎಂದೆ.

ಮೂರನೆಯ ದಿನ ಮಧ್ಯಾಹ್ನ ಸೋಸಲೆಯ ಗಾಡಿಯೊಂದು ಹಳೆ ಜಾಡಿನಲ್ಲೇ ಬಂತು. ಗಂಡ ಮುಂದೆ ಕೂತು ತೂಕಡಿಸುತ್ತಿದ್ದ. ಹೆಂಡತಿ ಕೂಸನ್ನು ತಬ್ಬಿ ಹುಲ್ಲಿನ ಮೇಲೆ ಮಲಗಿದ್ದಳು. ನಾವು ಕೂಗುವಷ್ಟರಲ್ಲಿ ಮೇಸ್ತ್ರಿ ಓಡಿಹೋಗಿ ನೊಗಕ್ಕೆ ಜೋತುಬಿದ್ದು ಎತ್ತುಗಳನ್ನು ಪಕ್ಕಕ್ಕೆ ತಿರುಗಿಸಿದರು. ಗಾಡಿ ಉಳಿಯಿತು. ಕೂಸಿಗೆ ಎಚ್ಚರವೂ ಆಗಲಿಲ್ಲ. ಚಕ್ರ ಮೇಸ್ತ್ರಿಯ ಎಡ ಪಾದದ ಮೇಲೆ ಹಾದುಹೋಗಿತ್ತು.

ಗಾಯ ಮಾಯಿತು, ನಡಿಗೆ ಹೋಯಿತು. ನಡೆಯಲಾರದವರಿಗೆ ರಸ್ತೆಯಲ್ಲಿ ಕೆಲಸವೆಲ್ಲಿ? ಚಿಕ್ಕಯ್ಯನಛತ್ರದ ಮಗ್ಗುಲ ಹಳ್ಳಿಯಲ್ಲಿದ್ದ ಮಗಳ ಮನೆಗೆ ಅವರನ್ನು ಗಾಡಿ ಹತ್ತಿಸುವಾಗ ತಪ್ಪೊಪ್ಪಿಕೊಳ್ಳಲು ಬಾಯಿ ತೆರೆದೆ. ಅವರು ಗಾಡಿಯವನತ್ತ ತಿರುಗಿ, “ಮನಿಕಬ್ಯಾಡ ಕಣ್ಲಾ, ನಾನೀಗ್ ಓಡಕ್ಕಾಗಾಕಿಲ್ಲ,” ಎಂದರು. ಗಾಡಿ ಹೊರಟಿತು.

ಆಮೇಲೆ ಒಮ್ಮೆಯೂ ಹೋಗಿ ನೋಡಲಿಲ್ಲ. ದೂರವೇನಲ್ಲ... ಹೋಗಲಿಲ್ಲ ಅಷ್ಟೆ.

ಇವತ್ತು ಕಚೇರಿ ಬಿಟ್ಟು ಪೇಟೆಗೆ ಹೋಗಿ, ಆ ಕಡೆಯ ಗಾಡಿಯವನೊಬ್ಬನನ್ನು ಹುಡುಕಿ ವಿಚಾರಿಸಿದೆ. ಮೇಸ್ತ್ರಿ ತೀರಿಕೊಂಡರಂತೆ. ಯಾವಾಗ ಎಂದು ಕೇಳಿದೆ.

“ರಾಗಿ ಕುಯ್ಲಲ್ಲೋ, ಅದ್ಕೂ ಮುಂಚೇನೋ... ಗ್ಯಾನ ಇಲ್ಲ ಬುದ್ಧಿ,” ಎಂದ.

ಮನೆಗೆ ಬಂದು ಮೇಸ್ತ್ರಿಯ ಸಾವನ್ನು ದಿನಚರಿಯಲ್ಲಿ ಬರೆದುಕೊಂಡೆ. ತಾರೀಕಿನ ಜಾಗ ಖಾಲಿ ಬಿಟ್ಟೆ.