ತಳದ ನೀರಿನ ತಂಪು

ಮನಿಂಜಾವ್ ಸರೋವರದಲ್ಲಿ ಗಾಳಿಯೆದ್ದು ತಳದ ನೀರು ಮೇಲೆ ಬಂದರೆ ಮೀನುಗಳು ಉಸಿರುಕಟ್ಟಿ ಸಾಯುತ್ತವೆ. ಊರವರು ಅದನ್ನು ತುಬೊ, ವಿಷ, ಎನ್ನುತ್ತಾರೆ. ರೋಸ್ಮಾನಿದಾರಳ ಬದುಕೆಲ್ಲ ಆ ನೀರಲ್ಲಿ ತೇಲುವ ನಾಲ್ಕು ಬಲೆಪಂಜರಗಳಲ್ಲಿತ್ತು. ಒಳಗೆ ಜಿಲೇಬಿ ಮೀನು.

ವಿಶ್ವವಿದ್ಯಾಲಯದಿಂದ ಬಂದ ಸಂಶೋಧಕಿ ಇಬು ವಿರ್ದಾ, ಊರವರಂತೆಯೇ ಅವಳನ್ನು ಉನಿ, ಅಕ್ಕ, ಎಂದು ಕರೆದು, ಕೈಗೆ ಹಗ್ಗ ಕಟ್ಟಿದ ಉಷ್ಣಮಾಪಕ ಕೊಟ್ಟರು. "ಮೇಲಿನ ನೀರಿಗೂ ತಳದ ನೀರಿಗೂ ಬಿಸಿ ಎಷ್ಟು ವ್ಯತ್ಯಾಸ, ಮೀನೆಷ್ಟು ಸತ್ತವು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡ್ತೀವಿ ಉನಿ. ಆಗಾಗ ಅಳೀರಿ. ಗಾಳಿ ಎದ್ದರಂತೂ ತಪ್ಪಿಸಬೇಡಿ."

ವರ್ಷ ಕಳೆಯುವಷ್ಟರಲ್ಲಿ ನಂಟು ಕಂಡಿತು: ವ್ಯತ್ಯಾಸ ಕುಗ್ಗಿದಷ್ಟೂ ಸಾವು ಹೆಚ್ಚು. ಕುಗ್ಗಿದ್ದು ಕಂಡ ಕೂಡಲೇ ಪಂಜರಗಳನ್ನು ನದಿ ಸೇರಿ ಹೊಸ ನೀರು ಬರುವ ಕಡೆಗೆ ಎಳೆದೊಯ್ದರೆ ಮೀನು ಉಳಿದೀತು.

ಊರವರಿಗೆ ಬೇರೆಯೇ ನಂಟು ಕಂಡಿತು. ದೋಣಿ ಕಟ್ಟುವಲ್ಲಿ ಪಕ್ಕದ ಪಂಜರದ ಶಾಫ್ರಿಲ್ ಅವಳನ್ನು ತಡೆದ: "ನೀವು ಹಗ್ಗ ಇಳಿಸಿದಾಗಲೇ ಯಾಕೆ ಮೀನು ಸಾಯೋದು ಉನಿ? ತಳ ಕೆದಕ್ತೀರಿ, ವಿಷ ಏಳತ್ತೆ."

"ಗಾಳಿ ಇಲ್ಲದಾಗ ಇಳಿಸಿದ್ದನ್ನ ನೋಡಿಲ್ವೇನೋ? ಛತ್ರಿ ಬಿಚ್ಚಿದ್ದಕ್ಕೇ ಮಳೆ ಬಂತು ಅಂತೀಯಲ್ಲ!"

"ಹಾಗಾದ್ರೆ ಒಂದ್ಸಲ ಛತ್ರಿ ಮಡಚಿ, ನೋಡೋಣ."

ನಿಂತವರೆಲ್ಲ ನಕ್ಕರು.

ಪ್ರಾರ್ಥನಾಮನೆಯಲ್ಲಿ ಸಭೆ ಸೇರಿತು. ಆ ಸೀಮೆಯಲ್ಲಿ ಹೆಣ್ಣಿನ ನಡತೆಗೆ ಜವಾಬು ಕೊಡಬೇಕಾದವನು ಸೋದರಮಾವ. ಮಾವ ಜಮಾರಿಸ್ ಎಲ್ಲರೆದುರು ಎಂದ: "ನನ್ನ ತಲೆ ತಗ್ಗಿಸಬೇಡ ಮಗಳೇ. ಹಗ್ಗ ಬಿಡು." ಮಾವನ ಮಾತು ಮೀರಿದವಳಿಗೆ ಕುಲದ ಮನೆಯಲ್ಲಿ ಜಾಗವಿಲ್ಲ. ಅವಳು ಹಗ್ಗ ಬಿಟ್ಟಳು.

ಮಳೆಗಾಲದ ಒಂದು ಸಂಜೆ ಗುಡ್ಡದಿಂದ ಗಾಳಿ ಇಳಿಯಿತು. ಅವಳು ಪಂಜರದ ಹಲಗೆಯ ಮೇಲೆ ಕೂತು ತೋಳನ್ನು ಭುಜದವರೆಗೂ ನೀರಿಗಿಳಿಸಿದಳು. ತಳದ ತಂಪು ಎಟುಕಲಿಲ್ಲ. ಒಬ್ಬಳೇ ಪಂಜರ ಎಳೆಯಲಾರಳು. ಆಳುಗಳನ್ನು ಕರೆಯೋಣವೆಂದರೆ ತೋರಿಸಲು ಕೈಯಲ್ಲಿ ಅಳತೆಯೇ ಇಲ್ಲ. ಮಾವನ ಮನೆಗೆ ಓಡಿದಳು.

"ಒಂದೇ ಸಲ ಇಳಿಸ್ತೀನಿ ಮಾಮಕ್, ನಿಮ್ಮ ಕಣ್ಣೆದುರೇ."

"ಸಭೆಗೆ ಮಾತು ಕೊಟ್ಟಾಗಿದೆ."

"ನಿಮ್ಮ ಮೀನೂ ಅಲ್ಲೇ ಇದೆಯಲ್ಲ!"

ಅವಳು ಬೆಳಗಾಗುವವರೆಗೂ ಅವನ ಕಣ್ಣೆದುರೇ ಜಗಲಿಯಲ್ಲಿ ಕೂತಿದ್ದಳು.

ಬೆಳಗ್ಗೆ ದಡದುದ್ದಕ್ಕೂ ಬಿಳಿ ಹೊಟ್ಟೆಗಳು. ಅವಳ ಪಂಜರಗಳಲ್ಲಿ ಮಿಸುಕುವುದೊಂದೂ ಉಳಿದಿರಲಿಲ್ಲ. ಅಳೆಯದೆಯೂ ಸತ್ತವು; ಇನ್ನಾದರೂ ನಂಬಿಯಾರು ಎಂದು ಆ ಸಂಕಟದಲ್ಲೂ ಅವಳಿಗೊಂದು ಆಸೆ.

ಶಾಫ್ರಿಲ್ ದೋಣಿಯಿಂದ ಕೂಗಿದ: "ಕದ್ದು ಇಳಿಸಿದಿರಲ್ಲ, ಪುಣ್ಯಾತ್ಗಿತ್ತಿ!"

ಅವಳು ದಡದಲ್ಲಿದ್ದ ಮಾವನ ಕಡೆ ತಿರುಗಿದಳು. "ಹೇಳಿ ಮಾಮಕ್. ನಾನೆಲ್ಲಿದ್ದೆ ಅಂತ ಹೇಳಿ."

ಜಮಾರಿಸ್ ತಲೆಯೆತ್ತಲಿಲ್ಲ. ಬುಟ್ಟಿಯಲ್ಲಿ ಸತ್ತ ಮೀನು ಮೊಗೆಯುತ್ತಲೇ ಇದ್ದ.