ರುಬ್ಬುಗುಂಡಿಗೆ ಹೇಳಿದ ಸೋಬಾನೆ

ನಮ್ಮ ವಂಶದ ಮೊದಲ ಡಿಗ್ರಿ ಸರ್ಟಿಫಿಕೇಟ್ ನನ್ನದು. ಅದನ್ನು ಹುಡುಕಲು ಮೊನ್ನೆ ಟ್ರಂಕ್ ತೆಗೆದಾಗ ಅಡಿಯಲ್ಲೊಂದು ಸಿನಿಮಾ ಹಾಡಿನ ಕ್ಯಾಸೆಟ್ ಸಿಕ್ಕಿತು. ಮೂಸಿದೆ. ನುಸಿಗುಳಿಗೆ ವಾಸನೆಯ ನಡುವೆ ಎಲ್ಲೋ ಅರಿಶಿನ... ಭ್ರಮೆಯೇ ಇರಬೇಕು.

ವನಗೂರಿನ ಕಡೆ ಕಾಫಿ ಎಸ್ಟೇಟಿನ ಕೂಲಿ ಲೈನಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಹೆಂಗಸಿದ್ದರು. ನಾನು ಅತ್ತೆ ಎನ್ನುತ್ತಿದ್ದೆ. ಯಾರ ಮದುವೆಯಾದರೂ ಸೋಬಾನೆ ಹೇಳಲು ಅವರೇ ಬೇಕು. ನಾನಾಗ ಎರಡನೇ ಬಿ.ಎ. ಅಪ್ಪ ಗಂಡು ಹುಡುಕುತ್ತಿದ್ದರು.

ಆ ವರ್ಷ ಸಿನಿಮಾದವರು ಜೀಪಿನಲ್ಲಿ ಬಂದರು. ಕಂಸಾಳೆ, ಲಾವಣಿ, ಸೋಬಾನೆ ಎಲ್ಲ ಸೇರಿಸಿ ಚಿತ್ರಕ್ಕೆ ಒಂದು ಹಾಡು ಮಾಡುತ್ತಾರಂತೆ. ಎಸ್ಟೇಟಿನ ಕಾಫಿ ಗೋದಾಮಿನಲ್ಲಿ ಮೈಕ್ ಇಟ್ಟರು. ಅತ್ತೆ ಹಾಡಲು ಒಪ್ಪಲಿಲ್ಲ.

"ಹೆಣ್ಣು ಕೂರಿಸ್ದೆ ಸೋಬಾನೆ ಹೆಂಗ್ ಹೇಳಾದು? ನಿಮ್ ಮೈಕಿಗೆ ಹೇಳ್ಲಾ?"

ಹಾಡದಿದ್ದರೆ ಬೇರೆ ಊರಿಗೆ ಹೋಗುತ್ತೇವೆಂದರು ಅವರು. ಎಲ್ಲರೂ ನನ್ನ ಕಡೆ ತಿರುಗಿದರು. ಅರಿಶಿನ ಹಚ್ಚಿ ಸೋಬಾನೆ ಹೇಳಿಸಿಕೊಂಡವಳಿಗೆ ಆ ವರ್ಷವೇ ಮದುವೆಯಾಗಬೇಕು, ಇಲ್ಲದಿದ್ದರೆ ಒಳ್ಳೆಯದಲ್ಲ ಎಂಬ ನಂಬಿಕೆ ನಮ್ಮಲ್ಲಿ. ಅಪ್ಪನಿಗೆ ಅಷ್ಟೇ ಸಾಕಿತ್ತು.

"ಕೂತ್ಕೋ ಹೋಗವ್ವ" ಎಂದರು. ನಾನು ಬಾಗಿಲ ಹತ್ತಿರವೇ ನಿಂತೆ.

ಅತ್ತೆ ನನ್ನ ಮುಖ ನೋಡಿದರು. "ಅದು ಓದ್ತಾ ಐತೆ, ಅದ್ರ ತಂಟೆ ಬ್ಯಾಡ ಕಣಣ್ಣ" ಎಂದವರೇ ಮನೆಗೆ ಹೋಗಿ, ರುಬ್ಬುಗುಂಡನ್ನು ಮಗುವಿನ ಹಾಗೆ ಸೊಂಟಕ್ಕೆತ್ತಿಕೊಂಡು ಬಂದರು. ಮಣೆಯ ಮೇಲಿಟ್ಟು ಅರಿಶಿನ ಬಳಿದರು.

"ಇವ್ಳೇ ಮದುವಣಗಿತ್ತಿ. ಗಂಡಿನ್ ಕಡೆಯೋರು ಬಣ್ಣ ಕಮ್ಮಿ ಅನ್ಬ್ಯಾಡಿ ಮತ್ತೆ!"

ಸದ್ದಾಗಬಾರದೆಂದು ಸಿನಿಮಾದವರು ನಮ್ಮನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಹಾಕಿದರು. ಸೋಬಾನೆಯ ಕೊನೆಗೆ ಹೆಣ್ಣಿನ ಹೆಸರು ಹಿಡಿದು ಹರಸಬೇಕು. ಕಲ್ಲಿಗೆ ಯಾವ ಹೆಸರಿಟ್ಟಿರಿ ಎಂದು ಆಮೇಲೆ ಅತ್ತೆಯನ್ನು ಕೇಳಿದೆ.

"ಪಿಚ್ಚರ್ ಬರ್ಲಿ, ಕೇಳ್ಕೊಳ್ಳೆ" ಎಂದು ನಕ್ಕರು.

ಪಿಚ್ಚರ್ ಬಂತು. ನಾನು ಆಲೂರಿನಿಂದ ಕ್ಯಾಸೆಟ್ ತಂದೆ. ಇಬ್ಬರೂ ಕೂತು ಕೇಳಿದೆವು. ಲಾವಣಿ ಮುಗಿದ ಕೂಡಲೇ ಅವರ ದನಿ ತೆಳ್ಳಗೆ ಏಳುತ್ತದೆ. ಹೆಸರು ಬರುವಲ್ಲಿಗೆ ಸರಿಯಾಗಿ ತಮಟೆ ಬಡಿದು ಅದು ಮುಚ್ಚಿಹೋಗುತ್ತದೆ! ನನಗೆ ಸಿಟ್ಟು ಬಂತು. ಅತ್ತೆ ಟೇಪ್ ನಿಲ್ಲಿಸಿದರು.

"ನಂಗೆ ಹನ್ನೆರಡು ವರ್ಷಕ್ಕೇ ಮದ್ವೆ ಮಾಡ್ಬುಟ್ರು ಕಣೆ. ಸೋಬಾನೆ ಹೇಳಾಕೂ ಒಬ್ರಿರ್ಲಿಲ್ಲ..." ಎಂದು ಎದ್ದು ಹೋದರು.

ಮುಂದಿನ ವರ್ಷ ನನ್ನ ಡಿಗ್ರಿ ಮುಗಿಯಿತು.

ಈಗ ಆ ಹಾಡು ಮೊಬೈಲಿನಲ್ಲೇ ಸಿಗುತ್ತದೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಆ ಒಂದು ಜಾಗವನ್ನೇ ಹಿಂದೆ ಮುಂದೆ ಮಾಡಿ ಕೇಳುತ್ತೇನೆ. ತಮಟೆಯ ಅಡಿಯಲ್ಲಿ ಏನೋ ಇದೆ. ನನ್ನ ಹೆಸರಲ್ಲ, ಅಷ್ಟು ತಿಳಿಯುತ್ತದೆ. ಅತ್ತೆಯದೇ ಇರಬಹುದೇ?... ಕೇಳೋಣವೆಂದರೆ ಅತ್ತೆ ಹೋಗಿ ನಾಲ್ಕು ವರ್ಷವಾಯಿತು.